ಹದಿಮೂರಾದ ಮೇಲೆ ಎಂಟಾ?

ಬೀದಿಯವರ ಬಾಯಲ್ಲಿ ಅವಳು ಹಲ್ಲಕ್ಕ. ಬೋಳು ಬಾಯಿಗಳಿಗೆ ಹಲ್ಲಿನ ಸೆಟ್ ಮಾಡಿಕೊಡುವುದೇ ಅವಳ ಕಸುಬು. ಮನೆಯ ಮುಂದಿನ ಕೋಣೆಯಲ್ಲಿ ಹೊಸ ಹಲ್ಲು ಕೊರೆದು ತೆಗೆಯುವ ಯಂತ್ರ, ಅದನ್ನು ಆಡಿಸುವ ಕಂಪ್ಯೂಟರು, ಗೋಡೆಯುದ್ದಕ್ಕೂ ಪ್ಲಾಸ್ಟರಿನ ದವಡೆಗಳು. ಅಷ್ಟೊಂದು ದವಡೆ ಒಟ್ಟಿಗೇ ನಗುವುದನ್ನು ಕಂಡು ಹೊಸಬರು ಹೊಸ್ತಿಲಲ್ಲೇ ನಿಂತುಬಿಡುತ್ತಿದ್ದರು.

ಊರಿಗೆಲ್ಲ ಹಲ್ಲು ಕೊಟ್ಟವಳ ಅತ್ತೆಗೇ ಈಗ ಹಲ್ಲಿಲ್ಲ. ಹಳೆಯ ಸೆಟ್ ಬಚ್ಚಲಲ್ಲಿ ಬಿದ್ದು ಹೋಳಾಗಿತ್ತು. ಮರುದಿನವೇ ಅತ್ತೆಯ ತಂಗಿ ಬರುವವಳಿದ್ದಳು. ಅಕ್ಕತಂಗಿಯರಿಗೆ ತೊಟ್ಟಿಲಿನಿಂದಲೂ ಮಾತಿನ ಪಂದ್ಯ.

"ಹಲ್ಲಿಲ್ದೆ ಅವಳ ಮುಂದೆ ನಾನು ಬಾಯಿ ಬಿಡಲ್ಲ. ಚಿಲಕ ಹಾಕ್ಕೊಂಡು ಒಳಗೇ ಕೂತ್ಕೋತೀನಿ," ಎಂದು ಅತ್ತೆ ಸಾರಿಯಾಗಿತ್ತು.

ಬಾಯಿಯ ಅಳತೆ ತೆಗೆಯಲು ಹೊಸ ಸ್ಕ್ಯಾನರ್ ಬಂದಿತ್ತು. ಕಂಪ್ಯೂಟರು ಅದರ ಗುರುತೇ ಹಿಡಿಯಲಿಲ್ಲ. ಅದರೊಳಗಿದ್ದದ್ದು ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ, ಬಿಟ್ಟಿ ಸಿಗುವ ಆಪರೇಟಿಂಗ್ ಸಿಸ್ಟಂ, ಹನ್ನೆರಡನೆಯ ಆವೃತ್ತಿ. ಸ್ಕ್ಯಾನರಿಗೆ ಅದಕ್ಕಿಂತ ಹೊಸದು ಬೇಕು. ಆ ಸಿಸ್ಟಮ್ಮನ್ನು ಬರೆದ ಕೋಡೆಲ್ಲ ಅಂತರ್ಜಾಲದ ಒಂದೇ ಉಗ್ರಾಣದಲ್ಲಿದೆ. ಒಂದೊಂದು ಆವೃತ್ತಿ ಸಿದ್ಧವಾದಾಗಲೂ ಬರೆದವರು ಅದಕ್ಕೊಂದು ಟ್ಯಾಗ್ ಕಟ್ಟುತ್ತಾರೆ, ಹಲ್ಲಕ್ಕ ದವಡೆಗೆ ಚೀಟಿ ಅಂಟಿಸುವ ಹಾಗೆ. ಟ್ಯಾಗ್ ಹೇಳಿದರೆ ಆ ಕೋಡು ಬರುತ್ತದೆ. ಅದರಿಂದ ಸಿಸ್ಟಂ ಕಟ್ಟಿ ಕೂರಿಸಬೇಕು.

ಹಲ್ಲಕ್ಕ ಟ್ಯಾಗುಗಳನ್ನು ಪರದೆಗೆ ಕರೆದಳು. ಪಟ್ಟಿ ಸರ್ರನೆ ಮೇಲೇರಿ ಕೊನೆಯ ಸಾಲಿನಲ್ಲಿ ನಿಂತಿತು. ಕೊನೆಗೆ ಬಂದದ್ದೇ ಹೊಸದಲ್ಲವೇ? ಆ ಸಾಲನ್ನೇ ನಕಲು ಮಾಡಿ ಹಾಕಿ, ಬೇರೆ ಕೆಲಸಕ್ಕೆ ಎದ್ದಳು.

ಕಂಪ್ಯೂಟರು ಗುಂಯ್‌ಗುಡುತ್ತ ಸಿಸ್ಟಂ ಕಟ್ಟಿ ಮುಗಿಸಿತು. ಮತ್ತೆ ಹಚ್ಚಿದರೆ ಸ್ಕ್ಯಾನರಿನ ಮಾತು ಹಾಗಿರಲಿ, ಇಷ್ಟು ದಿನ ಹೇಳಿದ ಮಾತು ಕೇಳುತ್ತಿದ್ದ ಕೊರೆಯುವ ಯಂತ್ರವೂ 'ನೀನ್ಯಾರೋ ನಾನ್ಯಾರೋ' ಎಂದು ಕೂತಿತು. ತಂತಿ ಕಿತ್ತು ಚುಚ್ಚಿದಳು. ತಂತಿಯನ್ನೇ ಬದಲಿಸಿದಳು. ಸ್ಕ್ಯಾನರನ್ನು ಒರೆಸಿ ಊದಿದಳು. ಎಲ್ಲ ಸರಿಯಾಗಿಯೇ ಮಾಡಿದ್ದಳಲ್ಲ! ತಲೆ ಕೆಟ್ಟು ಕೆರ ಹಿಡಿಯಿತು.

"ಏನಾಯ್ತೇ?" ಅತ್ತೆ ಬಾಗಿಲಿಗೆ ಬಂದರು.

"ಹೊಸದು ಹಾಕ್ದೆ ಅತ್ತೆ, ಇದ್ದಿದ್ದೂ ಕೆಟ್ಟೋಯ್ತು."

"ನೀನು ಬಂದ್ಮೇಲೆ ನನ್ನ ಮಗನೂ ಹಾಗೇ ಆದ. ಏನು ಹಾಕ್ದೆ, ಓದು ನೋಡೋಣ."

ಪಟ್ಟಿಯನ್ನು ಮತ್ತೆ ಕರೆದು, ಅತ್ತೆಯ ಮಾತು ಮೀರಬಾರದೆಂದು ಓದಿದಳು: "ಹತ್ತು, ಹನ್ನೊಂದು, ಹನ್ನೆರಡು, ಹದಿಮೂರು, ಎಂಟು, ಒಂಬತ್ತು. ಅದೇ ಕೊನೆ."

"ತಡಿ ತಡಿ! ಹದಿಮೂರಾದ್ಮೇಲೆ ಎಂಟಾ? ನೀನ್ಯಾವ ಶಾಲೆಗೆ ಹೋಗಿದ್ದೆ?"

ಹಲ್ಲಕ್ಕ ಕಣ್ಣುಕಣ್ಣು ಬಿಟ್ಟಳು. ತಾನು ಕೂರಿಸಿದ್ದು ಒಂಬತ್ತು! ಹನ್ನೆರಡರಿಂದ ಮುಂದೆ ಹೋಗುತ್ತೇನೆಂದು ಹಿಂದಕ್ಕೆ ಓಡಿದ್ದಳು. ಪಟ್ಟಿಯನ್ನು ಮತ್ತೆ ಮತ್ತೆ ನೋಡಿದ ಮೇಲೆ ಅದರ ವರಸೆ ತಿಳಿಯಿತು. ಅದು ಎಣಿಸಿ ಜೋಡಿಸಿದ್ದಲ್ಲ. ಎಡದಿಂದ ಒಂದೊಂದೇ ಅಂಕಿ ನೋಡಿ ಜೋಡಿಸಿದ್ದು. ಹದಿಮೂರರ ಮೊದಲ ಅಂಕಿ ಒಂದು, ಹಾಗಾಗಿ ಮೇಲೆ. ಒಂಬತ್ತು ಕಟ್ಟಕಡೆಗೆ. ಆದರೆ ಲೆಕ್ಕಕ್ಕೆಂದೇ ಹುಟ್ಟಿದ ಯಂತ್ರಕ್ಕೆ ಇಷ್ಟು ಲೆಕ್ಕ ಬಾರದೇಕೆ ಎಂಬುದು ಮಾತ್ರ ಅವಳಿಗೆ ಬಗೆಹರಿಯಲಿಲ್ಲ.

ಪುಣ್ಯಕ್ಕೆ ಹಳೆಯ ಸಿಸ್ಟಮ್ಮಿನ ಪ್ರತಿ ತೆಗೆದಿಟ್ಟಿದ್ದಳು. ಮೊದಲು ಅದನ್ನೇ ಎಬ್ಬಿಸಿ, ಬಳಿಕ ಹದಿಮೂರರ ಟ್ಯಾಗನ್ನು ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿ, "ಹ್ಞೂಂ" ಅನ್ನಿಸಿಕೊಂಡೇ ಒತ್ತಿದಳು. ಈ ಸಲ ಸ್ಕ್ಯಾನರಿನ ದೀಪ ಹತ್ತಿತು.

"ಬಾಯಿ ಬಿಡಿ ಅತ್ತೆ."

"ಇಷ್ಟು ಹೊತ್ತು ಬಿಟ್ಕೊಂಡೇ ಇದೀನಲ್ಲೇ!"

ಮರುದಿನ ಹೊಸ ಹಲ್ಲು ತೊಟ್ಟು ಅತ್ತೆ ಬಾಗಿಲಲ್ಲೇ ಕಾದಿದ್ದರು. ತಂಗಿ ಆಟೋ ಇಳಿದಳು, ಬಾಯಿಗೆ ಕರವಸ್ತ್ರ ಒತ್ತಿಕೊಂಡು.

"ಅಕ್ಕಾ, ಬಸ್ಸಲ್ಲಿ ನನ್ನ ಹಲ್ಲು ಬಿಟ್ಟು ಬಂದ್ನಲ್ಲೇ..."

ಅತ್ತೆ ಅಷ್ಟೂ ಹಲ್ಲು ತೋರಿಸಿ ನಕ್ಕು, ಸೊಸೆಯ ಕಡೆ ತಿರುಗಿದರು.

"ಇವಳಿಗೂ ಒಂದು ಮಾಡ್ಕೊಡಮ್ಮ. ಹದಿಮೂರೆಲ್ಲ ಬೇಡ, ಒಂಬತ್ತೇ ಸಾಕು."

ತಂಗಿ ಗಾಬರಿಯಾಗಿ ಹಲ್ಲಕ್ಕನ ಮುಖ ನೋಡಿದಳು. "ಒಂಬತ್ತೇ ಹಲ್ಲಾ?"