ವಿಮಾನಕ್ಕೆ ನೀರೆರೆದ ಬೋರಮ್ಮ

ಬೋರಮ್ಮ ಮದ್ದೂರಿನ ಕಡೆಯಿಂದ ಚೆನ್ನೈ ಬಳಿಯ ಪಲ್ಲಾವರಂಗೆ ಬಂದದ್ದು ಮಗಳ ಬಾಣಂತನಕ್ಕೆ. ಊರಿನಲ್ಲಿ ಎಳೆಗೂಸುಗಳಿಗೆ ನೀರೆರೆಯುವುದೇ ಅವಳ ಬದುಕಾಗಿತ್ತು. ಚಾಚಿದ ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ಕಣ್ಣಿಗೆ ಹನಿ ಬೀಳದಂತೆ ಹಣೆಗೆ ಅಂಗೈ ಅಡ್ಡ ಹಿಡಿದು, ಚೊಂಬಿನಿಂದ ನೀರು ಇಳಿಸುತ್ತಿದ್ದಳು. ಇಲ್ಲಿ ಮೊಮ್ಮಗಳು ಬೆಳೆದು ಶಾಲೆಗೆ ಹೊರಟಳು. ಅಜ್ಜಿಯ ಮಾತಿಗೆ ತಮಿಳಿನಲ್ಲಿ ಉತ್ತರ ಕೊಡತೊಡಗಿದಳು. ಬೋರಮ್ಮನ ಕೈ ಬರಿದಾಯಿತು.

ಆಗ ಮಹಡಿಮನೆಯ ತನುಶ್ರೀ ಅವಳನ್ನು ಕೆಲಸಕ್ಕೆ ಕರೆದಳು. ಮೈಸೂರಿನವಳು, ಹಳೆಯ ವಸ್ತುಗಳು ಹಾಳಾಗದಂತೆ ಕಾಪಾಡುವುದು ಅವಳ ಉದ್ಯೋಗ. ಕಾಸಿಮೇಡಿನ ಮೀನುಗಾರರ ಬಲೆಗಳು ಸಿಕ್ಕಿ ಹರಿಯುತ್ತಿದ್ದ ಜಾಗದಲ್ಲಿ, ಕಡಲ ತಳದಲ್ಲಿ ಎರಡನೇ ಮಹಾಯುದ್ಧದ ಕಾಲದ ಸಣ್ಣ ವಿಮಾನವೊಂದು ಕಂಡಿತ್ತು. ಅದನ್ನು ಮೇಲೆತ್ತಿ, ವಸ್ತುಸಂಗ್ರಹಾಲಯಕ್ಕೆ ಅಣಿಗೊಳಿಸಲು ಪಲ್ಲಾವರಂನ ಶೆಡ್ಡಿನಲ್ಲಿ ಇಟ್ಟಿದ್ದರು.

"ಅಷ್ಟೂ ವರ್ಷ ಉಪ್ಪು ಕುಡಿದಿದೆ ಬೋರಮ್ಮ. ಒಣಗಿದರೆ ಬಣ್ಣ ಕಿತ್ತು ಬರುತ್ತೆ. ಉಪ್ಪು ಬಿಡೋವರೆಗೂ ನೆನೀತಾನೇ ಇರಬೇಕು."

"ಕೂಸ್ಗಾದ್ರೆ ಎರ್ದು ಒರಸ್ತೀವಿ. ಇದ್ನ ಒರ್ಸಂಗೇ ಇಲ್ವಾ?"

"ಇಲ್ಲವೇ ಇಲ್ಲ."

ವಿಮಾನವನ್ನು ತೋಯಿಸಲು ಪಂಪು ಹರಿಸುತ್ತಿದ್ದ ಮೇಲಿನ ಕೊಳವೆಗಳ ನೀರು ಬಾಲಕ್ಕೆ ತಲುಪುತ್ತಿರಲಿಲ್ಲ. ಅಲ್ಲಿ ಬೋರಮ್ಮ ಎರೆಯುತ್ತಿದ್ದಳು, ಅಂಗೈ ಅಡ್ಡ ಹಿಡಿದೇ.

ಆ ಬಾಲದ ಮೇಲೆ, ಅಂಟಿದ ಕಡಲಚಿಪ್ಪಿನ ಪದರದಡಿ, ಮಾಸಿದ ಬಣ್ಣದಲ್ಲಿ ವಿಮಾನದ ಸಂಖ್ಯೆ ಇತ್ತು. ಒಂದೇ ದಿನ ಜೊತೆಯಾಗಿ ಹಾರಿ ಮರಳದ ವಿಮಾನಗಳು ಎರಡು. ಅವುಗಳ ಸಂಖ್ಯೆಯಲ್ಲಿ ಕೊನೆಯ ಅಂಕಿಯಷ್ಟೇ ಬೇರೆ. ಆ ಅಂಕಿ ಕಂಡರೆ ಹಾರಿಸಿದವನು ಯಾರೆಂದು ತಿಳಿಯುತ್ತಿತ್ತು. ದೂರದೇಶದ ಎರಡು ಮನೆಗಳು ಕಾಯುತ್ತಿದ್ದವು. ಬೋರಮ್ಮನಿಗೆ ಇದನ್ನು ಹೇಳಬೇಕೆಂದು ತನುಶ್ರೀಗೆ ತೋಚಿರಲಿಲ್ಲ. ಪದರ ಮೆತ್ತಗಾಗಲೆಂದು ಬಿಟ್ಟು ಅವಳು ದಸರೆಗೆ ಊರಿಗೆ ಹೋದಳು.

ಆಯುಧಪೂಜೆಯ ದಿನ ಪಂಪು ನೋಡಿಕೊಳ್ಳುವ ಕಿಟ್ಟು ಎಲ್ಲವನ್ನೂ ತೊಳೆದು ಅಲಂಕರಿಸಿದ. ಮೂರು ತಲೆಮಾರಿನಿಂದ ಚೆನ್ನೈಯಲ್ಲಿರುವ ಕನ್ನಡದವನು, ಅಜ್ಜಿಗೆ 'ಪಾಟಿ' ಎನ್ನುವವನು.

"ಏನ್ ಪಾಟಿ, ಪಂಪಿಗೆ ಕುಂಕುಮದ ಪೊಟ್ಟು, ಆಟೋಗೆ ಮಾಲೆ. ನಿಮ್ಮ ಪಿಳ್ಳೈಗೆ ಮಾತ್ರ ಒಂದೂ ಇಲ್ವಾ? ಪಾಪಂ!"

"ಹಬ್ಬದ ದಿನ ಕೂಸ್ನ ಬರೀ ಹಣೇಲಿ ಮಡಗ್ತಾರೇನ್ಲಾ?"

ಬಾಲದ ಒದ್ದೆ ಮೈಯಲ್ಲಿ ಗಂಧ ನಿಲ್ಲಲಿಲ್ಲ. ಬೋರಮ್ಮ ಸೀರೆಯ ಸೆರಗಿನಿಂದ ಒಂದಿಷ್ಟು ಜಾಗ ಒರೆಸಿದಳು. ನೆನೆದ ಚಿಪ್ಪು ಅಡಿಯ ಬಣ್ಣದ ಸಮೇತ ಸೆರಗಿನೊಡನೆ ಬಂದು, ಅಡಿಯ ಲೋಹ ಮಿರುಗಿತು. ಅವಳಿಗೆ ಖುಷಿಯಾಯಿತು. ಗಂಧ ಬಳಿದು ಕುಂಕುಮವಿಟ್ಟಳು.

ಹಬ್ಬ ಮುಗಿಸಿ ಬಂದ ತನುಶ್ರೀ ಆ ಮಿರುಗನ್ನೇ ನೋಡುತ್ತ ನಿಂತಳು.

"ನಾನೇದಾನ್ ಕಿಂಡಲ್ ಮಾಡಿದ್ದು ಮೇಡಂ," ಎಂದ ಕಿಟ್ಟು.

"ಇಲ್ಲೊಂದು ಅಂಕಿ ಇತ್ತು ಬೋರಮ್ಮ," ಎಂದು ತನುಶ್ರೀ ಎಲ್ಲವನ್ನೂ ಹೇಳಿದಳು.

"ಸತ್ತೋನ ಹೆಸ್ರ ಅಳಿಸ್ಬುಟ್ನಾ?"

ಮರುದಿನ ಬೋರಮ್ಮ ಶೆಡ್ಡಿಗೆ ಬರಲಿಲ್ಲ. ಸಂಜೆ ತನುಶ್ರೀಯೇ ಮೆಟ್ಟಿಲಿಳಿದು ಅವಳ ಮನೆಗೆ ಬಂದಳು.

"ಎಂಜಿನ್ ಮೇಲೆ ಒಂದು ಲೋಹದ ಪಟ್ಟಿ ಇದೆ. ಕಲ್ಲಿನಂಥ ಪದರದೊಳಗೆ. ಅದರಲ್ಲೂ ಸಂಖ್ಯೆ ಇರುತ್ತೆ. ತಿಂಗಳುಗಟ್ಟಲೆ ನೆನೀಬೇಕು. ಬನ್ನಿ."

"ನನ್ ಕೈ ಬ್ಯಾಡ ಕಣವ್ವ."

"ಒರೆಸಬೇಡಿ ಅಂದೆ. ಅಲ್ಲಿ ಏನಿದೆ ಅಂತ ಹೇಳಲಿಲ್ಲ. ತಪ್ಪು ನನ್ನದೂ ಇದೆ."

ಬೋರಮ್ಮ ಎದ್ದು ಒಳಗೆ ಹೋದಳು. ಚೊಂಬು ಹುಡುಕಿದಳು.

ಅಂದಿನಿಂದ ಎಂಜಿನ್ನಿಗೆ ನೀರೆರೆಯುವಾಗ ಅವಳ ತುಟಿ ಅಲುಗುತ್ತಿತ್ತು. ಏನೆಂದು ಕಿಟ್ಟು ಕೇಳಿದಾಗ, "ಇಬ್ರಲ್ಲಿ ಯಾರಾದ್ರೂ ಸರಿ, ಈಚೆ ಬಾರಪ್ಪ ಅಂತೀನಿ," ಎಂದಳು. ಕಿಟ್ಟು ಕಿಂಡಲ್ ಮಾಡಲಿಲ್ಲ.

ಬೇಸಿಗೆಯಲ್ಲಿ ಪದರ ಬಿಟ್ಟಿತು. ತನುಶ್ರೀ ಪಟ್ಟಿಯ ಸಂಖ್ಯೆ ಓದಿದಳು, ಹಳೆಯ ದಾಖಲೆಗಳೊಂದಿಗೆ ತಾಳೆ ನೋಡಿದಳು, ಫೋನು ಮಾಡಿದಳು. ಆ ತುದಿಯಲ್ಲಿ ಯಾರೋ ಮುದುಕಿ ಅಳುವುದು ಶೆಡ್ಡಿಗೆಲ್ಲ ಕೇಳಿಸಿತು. ಕಳೆದುಹೋದವನ ತಂಗಿ. ಕಿಟ್ಟು ಕಣ್ಣೊರೆಸಿಕೊಂಡು ಪಂಪಿನ ಕಡೆ ತಿರುಗಿದ.

ಬೋರಮ್ಮ ಮಾತ್ರ ಎರೆಯುತ್ತಲೇ ಇದ್ದಳು.

"ಆ ಇನ್ನೊಬ್ನು?"

"ಅವನಿನ್ನೂ ಕಡಲಲ್ಲೇ ಇದ್ದಾನೆ ಬೋರಮ್ಮ."

"ಅವ್ನ ಮನೇಲೂ ಕಾಯ್ತಾವ್ರಲ್ಲ. ಅವ್ರಿಗೇನ್ ಹೇಳೀಯ?"

ತನುಶ್ರೀ ಆ ಇನ್ನೊಂದು ಮನೆಯ ನಂಬರು ಹುಡುಕತೊಡಗಿದಳು. ಫೋನು ಕೈಯಲ್ಲೇ ಇತ್ತು.

"ಅವ್ನು ಬರೋಗಂಟ ಚೊಂಬು ಇಲ್ಲೇ ಐತೆ ಅಂತ ಹೇಳವ್ವ," ಎಂದಳು ಬೋರಮ್ಮ.