ಕಿಟಕಿ ಸೀಟಿನ ನಿಯಮ

ಹಳೆಯ ತೆರಿಗೆ ವ್ಯಾಜ್ಯಗಳನ್ನು ಬಗೆಹರಿಸುವ ಯೋಜನೆ ಬಂದ ವರ್ಷ, ಪುಣೆಯ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅಪ್ಪನ ಬಾಯಲ್ಲಿ ಬರೀ ಅದರ ಕಲಮುಗಳೇ. ಧಾರವಾಡಕ್ಕೆ ಹೊರಟ ನಮ್ಮ ಬಸ್ಸು ಕಾತ್ರಜ ಘಾಟು ಏರುವಾಗ ನಾನೂ ತಮ್ಮನೂ ಕಿಟಕಿ ಸೀಟಿಗಾಗಿ ಕಿತ್ತಾಡಿದೆವು.

“ಸರ್ಕಾರಕ್ಕ ನಿಯಮ ಮಾಡೋ ಅಧಿಕಾರ ಅದ. ವ್ಯಾಜ್ಯದಾಗಿರೋ ಸೀಟು ಸರ್ಕಾರದ್ದು,” ಎಂದು ಅಪ್ಪ ತಾನೇ ಕಿಟಕಿ ಹಿಡಿದು ಕೂತ. ಕೆಳಗೆ ಇಡೀ ಪುಣೆ ಗಿರಗಿರ ತಿರುಗುತ್ತಿತ್ತಂತೆ. ನಮಗೆ ಕಂಡದ್ದು ಅಪ್ಪನ ಬೆನ್ನು.

“ನಿಯಮ ಪಾರ್ಲಿಮೆಂಟಿನ ಮುಂದ ಇಡಬೇಕು ಅಂತ ನೀವ ಹೇಳಿದ್ರಲ್ರೀ? ಇಲ್ಲಿ ಪಾರ್ಲಿಮೆಂಟು ನಾನ. ನಿಯಮ ರದ್ದು,” ಎಂದಳು ಅವ್ವ. ನಕ್ಕು ನಕ್ಕು ನಮ್ಮ ಹೊಟ್ಟೆ ಹುಣ್ಣಾಯಿತು.

ಅಪ್ಪ ವಿಧೇಯನಾಗಿ ಎದ್ದ. “ರದ್ದಾದ್ರೂ ಅಲ್ಲೀತನಕ ಆಗಿದ್ದು ಸಿಂಧು. ಅದೂ ಕಲಮಿನ್ಯಾಗ ಅದ.”

ನಾವಿಬ್ಬರೂ ಗಾಜಿಗೆ ಮೂಗು ಒತ್ತಿದೆವು. ಬಸ್ಸು ಸುರಂಗ ಹೊಕ್ಕಿತು.