ಗುಡ್ಡದ ಮನೆಗಳನ್ನು ಕೇಳದ ಲೆಕ್ಕ

ನಾನು ಸುಳ್ಳು ಹೇಳಿದೆ. ಲೆಕ್ಕದಲ್ಲಲ್ಲ — ಲೆಕ್ಕ ಸರಿಯಾಗಿಯೇ ಇತ್ತು. ಇಂದಿಗೂ ನನ್ನನ್ನು ರೇಗಿಸುವುದು ಅದೇ.

ಮುಂಬೈಯ ಘಾಟ್ಕೋಪರಿನ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಅಲ್ಲಿನ ಕನ್ನಡ ವಿಭಾಗದಲ್ಲಿ ಉಳಿದಿದ್ದ ಶಿಕ್ಷಕಿಯೆಂದರೆ ಧಾರವಾಡದ ಕಡೆಯ ಶಾಂತಾ ಅಕ್ಕೋರು ಒಬ್ಬರೇ. ವಿಭಾಗ ನಡೆಸಬೇಕೋ ಮುಚ್ಚಬೇಕೋ ಎಂಬ ಮಾತು ಬಂದಾಗ, ಸುತ್ತಲಿನ ಕನ್ನಡ ಮನೆಗಳ ಸಮೀಕ್ಷೆ ಮಾಡಿಕೊಂಡು ಬರಲು ಆಡಳಿತ ಮಂಡಳಿಯವರು ನನಗೆ ಹೇಳಿದರು. ಸ್ಟೇಷನ್ ಬಳಿಯ ಬಿಲ್ಡಿಂಗ್‌ಗಳು, ಹಿಂದಿನ ಗುಡ್ಡದ ಮೇಲಿನ ಬಡವರ ಸಾಲುಮನೆಗಳ ಚಾಳುಗಳು — ಎರಡೂ ಕಡೆ ಕೇಳಬೇಕಿತ್ತು.

ನಾನು ಗುಡ್ಡ ಹತ್ತಲಿಲ್ಲ. ಬಿಸಿಲಿತ್ತು ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ನೆಪ. ನನ್ನ ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿದ್ದರು. ಕನ್ನಡ ವಿಭಾಗದ ಕಾಲ ಮುಗಿಯಿತೆಂದು ಮೊದಲೇ ತೀರ್ಮಾನಿಸಿಬಿಟ್ಟಿದ್ದೆ. ಲಿಫ್ಟ್ ಇರುವ ಬಿಲ್ಡಿಂಗ್‌ಗಳಲ್ಲಿ ಐವತ್ತು ಮನೆ ಕೇಳಿದೆ. ಮಗುವನ್ನು ಕನ್ನಡಕ್ಕೆ ಕಳಿಸುತ್ತೇವೆ ಎಂದವರು ಐದು ಮನೆಯವರು.

ಸಭೆಯಲ್ಲಿ ಹಲಗೆಯ ಮೇಲೆ ಐದನ್ನು ಐವತ್ತರಿಂದ ಭಾಗಿಸಿ ತೋರಿಸಿದೆ. “ಇಲ್ಲಿನ ಯಾವ ಕನ್ನಡ ಮನೆಯ ಬಾಗಿಲು ತಟ್ಟಿದರೂ ಅವರು ಒಪ್ಪುವ ಸಂಭವನೀಯತೆ ಹತ್ತರಲ್ಲಿ ಒಂದು” ಎಂದೆ. ಎಲ್ಲರೂ ತಲೆದೂಗಿದರು. ಅಕ್ಕೋರು ಮಾತ್ರ ಎದ್ದು ನಿಂತರು.

“ಗುಡ್ಡದ ಮ್ಯಾಲಿನ ಮಂದೀನೂ ಕೇಳೀರೇನ್ರಿ ಸರ್?”

“ಹೂಂ, ಕೇಳೇನ್ರಿ” ಎಂದೆ.

ಅವರು ಕೂತರು. ನನ್ನನ್ನು ನಂಬಿ ಕೂತರು — ಇದನ್ನು ಬರೆಯುವಾಗಲೂ... ಇರಲಿ.

ವಿಭಾಗ ಮುಚ್ಚಿತು, ಅಕ್ಕೋರ ಕೆಲಸವೂ ಹೋಯಿತು. ಗುಡ್ಡದ ಮಕ್ಕಳಲ್ಲಿ ಕೆಲವರು ಹಿಂದಿ ಶಾಲೆಗೆ ಸೇರಿದರು, ಕೆಲವರು ಎಲ್ಲಿಗೂ ಸೇರಲಿಲ್ಲ. ನಾನು ವರ್ಷ ವರ್ಷವೂ ಸಂಭವನೀಯತೆಯ ಪಾಠ ಮಾಡುತ್ತಲೇ ಹೋದೆ. ಯಾರನ್ನು ಕೇಳಿದಿರಿ ಎನ್ನುವುದೇ ಮುಖ್ಯ ಎಂದು ಮಕ್ಕಳಿಗೆ ಹೇಳಬೇಕಾದ ಜಾಗ ಬಂದಾಗ ಬೇಗ ಬೇಗ ಮುಂದಿನ ಲೆಕ್ಕಕ್ಕೆ ಹೋಗುತ್ತಿದ್ದೆ.

ನಿವೃತ್ತಿಯಾದ ಮೇಲೆ, ವಿಲೆ ಪಾರ್ಲೆಯಲ್ಲಿದ್ದ ಅಕ್ಕೋರ ಮನೆಗೆ ಹೋಗಿ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತೇನೋ.

“ನನಗ ಹೇಳಿದ್ರ ಏನಾತ್ರಿ?” ಎಂದರು. “ಯಾರನ್ನ ಕೇಳಲಿಲ್ಲೋ ಅವರ ಹಂತೇಕ ಹೋಗ್ರಿ.”

ಮರುದಿನ ಗುಡ್ಡ ಹತ್ತಿದೆ. ಮೊದಲ ಮನೆಯಲ್ಲಿ ವಿಜಯಪುರದ ಕಡೆಯ ಹೆಂಗಸೊಬ್ಬರು ಮೊಮ್ಮಗಳನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತು ನನ್ನ ಸುಳ್ಳಿನ ಕಥೆ ಕೇಳಿಸಿಕೊಂಡರು. ಅವರ ಮಗಳು ಅಕ್ಕೋರ ಕೈಯಲ್ಲಿ ಕಲಿಯುತ್ತಿದ್ದವಳು. ವಿಭಾಗ ಮುಚ್ಚಿದ ವರ್ಷವೇ ಶಾಲೆ ಬಿಟ್ಟಿದ್ದಳು.

“ಹಂಗಾರ ಕನ್ನಡ ಸಾಲಿ ಮತ್ತ ಚಾಲೂ ಮಾಡ್ತೀರೇನ್ರಿ?”

“ಇಲ್ರಿ.”

ಅವರು ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡರು. “ಮತ್ತ ಈಗ್ಯಾಕ ಬಂದ್ರಿ?”

ನಾನು ಕೈಮುಗಿದು ಹೊರಟೆ. ಪಕ್ಕದ ಮನೆಯ ಬಾಗಿಲು ತಟ್ಟಿ, ಮತ್ತೆ ಮೊದಲಿನಿಂದ ಹೇಳತೊಡಗಿದೆ.